ಶುಕ್ರವಾರದ ಐಸ್

ಆಗೆಲ್ಲ ದೋಹಾದಲ್ಲಿ ಶಾಲೆಗೆ ಬೇಸಿಗೆ ರಜೆ ಬಂತೆಂದರೆ ನಮ್ಮವರು ಎರಡು ಪಾಲಾಗುತ್ತಿದ್ದರು. ಊರಿಗೆ ಹೋಗುವವರು, ಹೋಗದೆ ಉಳಿಯುವವರು. ಹೋಗುವವರ ಮನೆಯಲ್ಲಿ ಪೆಟ್ಟಿಗೆಗೆ ಟೇಪು ಸುತ್ತುವ ಚರ್ ಚರ್ ಸದ್ದು, ತೂಕ ಹೆಚ್ಚಾಯಿತು ಕಡಿಮೆಯಾಯಿತು ಎಂಬ ಗಲಾಟೆ. ಉಳಿಯುವವರ ಮನೆಯಲ್ಲಿ ಎಸಿಯ ಗುರ್ ಎಂಬ ಸದ್ದು ಮಾತ್ರ. ಮಕ್ಕಳು ಕಿಟಕಿಗೆ ಮೂಗು ಒತ್ತಿ ಹೊರಗಿನ ಬಿಳಿ ಬಿಸಿಲನ್ನು ನೋಡುತ್ತಾ ನಿಲ್ಲುತ್ತಿದ್ದವು. ಸಂಜೆ ಸೂರ್ಯ ಮುಳುಗಿದ ಮೇಲೂ ಅಂಗಳದ ನಲ್ಲಿಯಲ್ಲಿ ಬರುವ ನೀರಿಗೆ ಕೈ ಒಡ್ಡಲಾಗುತ್ತಿರಲಿಲ್ಲ. ಗಲ್ಫಿನಲ್ಲಿ ಮಕ್ಕಳನ್ನು ಸಾಕಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಹೇಳಹೊರಟಿರುವುದು ನನ್ನ ಬಾಲ್ಯವಲ್ಲ. ನನ್ನದು ಕಾಪುವಿನ ಹತ್ತಿರ ಕಡಲ ಬದಿಯಲ್ಲಿ ಬೇಗ ಮುಗಿದುಹೋಯಿತು. ಇದು ನನ್ನ ಮಗಳ ಬಾಲ್ಯದ ಒಂದು ಬೇಸಿಗೆ. ಅವಳಿಗೆ ಒಂಬತ್ತು ತುಂಬಿದ ವರ್ಷ. ಆ ಬೇಸಿಗೆಯ ಅರ್ಧ ಅವಳಿಗೆ ಗೊತ್ತಿದೆ, ಉಳಿದ ಅರ್ಧ ನನ್ನಲ್ಲಿದೆ. ವಯಸ್ಸಾಯಿತು. ನನ್ನಲ್ಲಿರುವ ಅರ್ಧವನ್ನು ಎಲ್ಲಿಯಾದರೂ ಇಳಿಸಬೇಕಾಗಿದೆ.

ನಾವಿದ್ದದ್ದು ದೋಹಾದ ಮುಐದರ್‌ ಬಡಾವಣೆಯಲ್ಲಿ. ಒಂದು ದೊಡ್ಡ ವಿಲ್ಲಾವನ್ನು ಹಲಗೆ ಗೋಡೆ ಹಾಕಿ ನಾಲ್ಕೈದು ಸಂಸಾರಗಳಿಗೆ ಪಾಲು ಮಾಡಿದ್ದರು. ನಮ್ಮ ಪಾಲಿಗೆ ಬಂದದ್ದು ಒಂದು ಕೋಣೆ, ಒಂದು ಇಷ್ಟುದ್ದದ ಅಡುಗೆ ಮನೆ, ಅಂಗಳಕ್ಕೆ ತೆರೆಯುವ ಒಂದು ಬಾಗಿಲು. ಹೆಂಡತಿ ವಾರಿಜಾ, ಮಗಳು ಅಕ್ಷತಾ, ನಾನು. ಮಗಳನ್ನು ಎಲ್ಲರೂ ಅಚ್ಚು ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹಿಂದಿನ ವರ್ಷ ಊರಿಗೆ ಹೋಗಿದ್ದಾಗ ಮಂಗಳೂರಿನಲ್ಲಿ ಅಚ್ಚು ಮೊದಲ ಬಾರಿಗೆ ಗಡಬಡ್ ತಿಂದಿದ್ದಳು. ಉದ್ದದ ಗಾಜಿನ ಲೋಟದಲ್ಲಿ ಜೆಲ್ಲಿ, ಹಣ್ಣು, ಒಂದರ ಮೇಲೊಂದು ಬಣ್ಣ ಬಣ್ಣದ ಐಸ್‌ಕ್ರೀಮು, ಮೇಲೆ ಗೋಡಂಬಿ. ಆ ವರ್ಷ ನಾವು ಊರಿಗೆ ಹೋಗುವುದಿಲ್ಲ ಎಂದು ಗೊತ್ತಾದಾಗ ಅವಳು ಅತ್ತದ್ದು ಅಜ್ಜಿಗಾಗಿ ಅಲ್ಲ, ಗಡಬಡ್‌ಗಾಗಿ.

"ಅದಕ್ಕೆಂತ ಅಳುವುದು? ಮನೆಯಲ್ಲೇ ಮಾಡುವ," ಎಂದಳು ವಾರಿಜಾ.

ಹಾಲಿನ ಪುಡಿಯನ್ನು ಗಟ್ಟಿಯಾಗಿ ಕದಡಿ, ಕೆನೆಯ ಡಬ್ಬಿ ಒಡೆದು ಸುರಿದು, ಮಾವಿನ ತಿರುಳು ಬೆರೆಸಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟಳು. ನಮ್ಮದು ಹಳೆಯ ಫ್ರಿಜ್ಜು. ಮರುದಿನ ತೆಗೆದರೆ ಅದು ಹಳದಿ ಕಲ್ಲು. ಚಮಚ ಬಗ್ಗಿತು.

"ಅಮ್ಮ, ಇದು ಐಸ್‌ಕ್ರೀಮ್ ಅಲ್ಲ, ಟೈಲ್ಸ್," ಎಂದಳು ಅಚ್ಚು.

"ಹಾಗಾದರೆ ನಿನ್ನ ಅಪ್ಪನಿಗೆ ಕೊಡು. ಕಂಪನಿಯಲ್ಲಿ ಬಾತ್‌ರೂಮಿಗೆ ಹಾಕಿಯಾರು."

ಅಷ್ಟರಲ್ಲಿ ಮಹಡಿಯ ಮೇಲಿದ್ದ ಫೆಲ್ಸಿಬಾಯಿ ಎಲ್ಲ ಮುಗಿಸಿಕೊಂಡು ಶಾಶ್ವತವಾಗಿ ಊರಿಗೆ ಹೊರಟರು. ಹೀಗೆ ಹೊರಡುವವರು ತಮ್ಮ ಸಾಮಾನನ್ನು ಅಕ್ಕಪಕ್ಕದವರಿಗೆ ಹಂಚುವುದು ವಾಡಿಕೆ. ಒಬ್ಬರಿಗೆ ಇಸ್ತ್ರಿ ಮೇಜು, ಒಬ್ಬರಿಗೆ ಪರದೆ. ನಮ್ಮ ಪಾಲಿಗೆ ಬಂದದ್ದು ಒಂದು ಮರದ ಬಾಲ್ದಿ. ಒಳಗೆ ತಗಡಿನ ಡಬ್ಬ, ಡಬ್ಬದೊಳಗೆ ಕಡೆಯುವ ಕೋಲು, ಮೇಲೆ ತಿರುಗಿಸುವ ಹಿಡಿ. ಹಬ್ಬಕ್ಕೆ ಅವರ ಮನೆಯಲ್ಲಿ ಅದರಲ್ಲೇ ಐಸ್‌ಕ್ರೀಮು ಮಾಡುತ್ತಿದ್ದರಂತೆ. "ಡಬ್ಬದ ಸುತ್ತ ಐಸ್ ಮತ್ತು ಉಪ್ಪು ಹಾಕಿ, ನಿಲ್ಲಿಸದೆ ತಿರುಗಿಸಬೇಕು. ಐಸ್ ಮಾತ್ರ ಧಾರಾಳ ಬೇಕು ಆಯ್ತಾ," ಎಂದು ಹೇಳಿ ಹೋದರು.

ಧಾರಾಳ ಐಸ್ ಎಲ್ಲಿಂದ ಬರಬೇಕು? ನಮ್ಮ ಫ್ರಿಜ್ಜಿನ ಎರಡು ಟ್ರೇಗಳಲ್ಲಿ ಆಗುವ ಐಸು ಬಾಲ್ದಿಯ ತಳವನ್ನೂ ಮುಚ್ಚುತ್ತಿರಲಿಲ್ಲ.

ನನಗೆ ಮಾತ್ರ ಐಸಿಗೆ ಕೊರತೆ ಇರಲಿಲ್ಲ. ನಾನಾಗ ಒಂದು ಕಟ್ಟಡ ಕಂಪನಿಯಲ್ಲಿ ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಆಗಿದ್ದೆ. ಹೈಸ್ಕೂಲು ಮುಗಿಸಿ, ಬೊಂಬಾಯಿಯಲ್ಲಿ ಲಾರಿ ಓಡಿಸಿ, ಡ್ರೈವರಾಗಿ ಬಂದವನು ಅಲ್ಲಿಯವರೆಗೆ ಏರಿದ್ದೆ. ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಕಾರ್ಮಿಕರ ಕ್ಯಾಂಪು. ಬೆಳಕು ಹರಿಯುವ ಮೊದಲೇ ಬಸ್ಸುಗಳು ಸೈಟುಗಳಿಗೆ ಹೊರಡುತ್ತಿದ್ದವು. ಯಾವ ಬಸ್ಸಿಗೆ ಎಷ್ಟು ಮಂದಿ, ಯಾವ ಸೈಟಿಗೆ, ಬೇಸಿಗೆಯಲ್ಲಿ ಯಾವ ಬಸ್ಸಿಗೆ ಎಷ್ಟು ಐಸು, ಎಲ್ಲ ನನ್ನ ಜವಾಬ್ದಾರಿ. ಸೈಟಿನಲ್ಲಿ ಕುಡಿಯುವ ನೀರನ್ನು ದೊಡ್ಡ ಡ್ರಮ್ಮುಗಳಲ್ಲಿ ಇಡುತ್ತಿದ್ದರು. ಐಸ್ ಹಾಕದಿದ್ದರೆ ಬೆಳಗ್ಗೆ ಹತ್ತು ಗಂಟೆಯೊಳಗೆ ಆ ನೀರು ಬಾಯಿ ಸುಡುವಷ್ಟಾಗುತ್ತಿತ್ತು. ಅದಕ್ಕಾಗಿ ಐಸ್ ಫ್ಯಾಕ್ಟರಿಯ ವ್ಯಾನು ದಿನಾ ಬೆಳಗ್ಗೆ ನಮ್ಮ ಗೇಟಿನ ಬಳಿ ಉದ್ದುದ್ದದ ಗಡ್ಡೆಗಳನ್ನು ಇಳಿಸಿ ಹೋಗುತ್ತಿತ್ತು. ಗೋಣಿ ಸುತ್ತಿ ಬಸ್ಸಿನ ಹಿಂಬದಿಗೆ ಹಾಕಿದರೆ ಮಧ್ಯಾಹ್ನದವರೆಗೆ ನಡೆಯುತ್ತಿತ್ತು. ನಡು ಮಧ್ಯಾಹ್ನದ ಬಿಸಿಲಲ್ಲಿ ಕೆಲಸ ನಿಲ್ಲಿಸಬೇಕೆಂಬ ಕಾನೂನು ಬಂದದ್ದು ಆಮೇಲೆ.

ಶುಕ್ರವಾರ ರಜೆ. ಆದರೆ ಅರ್ಜೆಂಟು ಕೆಲಸವಿದ್ದರೆ ಒಂದು ಬಸ್ಸು ಮಾತ್ರ ಹತ್ತು ಹನ್ನೆರಡು ಮಂದಿಯನ್ನು ಹಾಕಿಕೊಂಡು ಅರ್ಧ ದಿನಕ್ಕೆ ಹೋಗಿ ಬರುತ್ತಿತ್ತು. ಅದಕ್ಕೆ ಎರಡು ಗಡ್ಡೆ. ಜೂನ್ ತಿಂಗಳ ಕೊನೆಯ ಒಂದು ಶುಕ್ರವಾರ ಆ ಕೆಲಸ ಕೊನೆಯ ಗಳಿಗೆಯಲ್ಲಿ ರದ್ದಾಯಿತು. ಎರಡೂ ಗಡ್ಡೆಗಳು ಗೇಟಿನ ಬಳಿ ಬೆವರುತ್ತಾ ಬಿದ್ದಿದ್ದವು. ಕರಗಿ ಹಾಳಾಗುವುದಲ್ಲವೇ ಎಂದು ಒಂದನ್ನು ಕಾರಿನ ಡಿಕ್ಕಿಗೆ ಹಾಕಿಸಿಕೊಂಡೆ. ಆ ದಿನ ನನ್ನಲ್ಲಿ ಕಳ್ಳತನ ಇರಲಿಲ್ಲ, ದೇವರಾಣೆ.

ಶುಕ್ರವಾರಗಳಲ್ಲಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದವನು ಹನುಮಂತಪ್ಪ. ಗದಗ ಜಿಲ್ಲೆಯ ರೋಣದ ಕಡೆಯವನು, ನಮ್ಮ ಕಂಪನಿಯಲ್ಲಿ ಕಬ್ಬಿಣದ ಸರಳು ಕಟ್ಟುವ ಕೆಲಸ. ಕ್ಯಾಂಪಿನ ಮೆಸ್ಸಿನ ಸಾಲಿನಲ್ಲಿ "ಇದು ಸಾರೋ ಏನ್ ಕೈ ತೊಳದ್ ನೀರೋ?" ಎಂದು ತನ್ನಷ್ಟಕ್ಕೆ ಬೈಯುತ್ತಿದ್ದುದು ನನ್ನ ಕಿವಿಗೆ ಬಿದ್ದು ಪರಿಚಯವಾಗಿತ್ತು. ಅಷ್ಟು ಮಂದಿ ಮಲಯಾಳಿ, ನೇಪಾಳಿ, ಬಂಗಾಳಿಗಳ ನಡುವೆ ಒಂದು ಕನ್ನಡದ ಬೈಗುಳ ಕೇಳಿದರೆ ಆಗುವ ಸಂತೋಷ ಇಲ್ಲಿದ್ದವರಿಗೆ ಗೊತ್ತು. ಶುಕ್ರವಾರ ಬೆಳಗ್ಗೆ ಇಸ್ತ್ರಿಯ ಬಿಳಿ ಅಂಗಿ ಹಾಕಿ, ತಲೆಗೆ ಎಣ್ಣೆ ಬಳಿದುಕೊಂಡು ಗೇಟಿನಲ್ಲಿ ಕಾಯುತ್ತಿದ್ದ. ನನ್ನ ಕಾರಿನಲ್ಲೇ ಬರುತ್ತಿದ್ದ. ಅಚ್ಚುವಿಗೆ ಅವನು ಹನುಮಂತ ಅಂಕಲ್. ಎರಡೇ ವಾರದಲ್ಲಿ ಅದು ಹನುಮಂಕಲ್ ಆಯಿತು. ಅವಳು ಕನ್ನಡದಲ್ಲಿ ಮಾತನಾಡುತ್ತಿದ್ದುದು ಅವನೊಬ್ಬನ ಜೊತೆ.

ಆ ದಿನ ಡಿಕ್ಕಿಯಿಂದ ಐಸ್ ಇಳಿಸುವಾಗ ಅವನು ಕೇಳಿದ: "ಎಲ್ಲಿಂದ್ರೀ ಇದು, ಶೇಖರಣ್ಣಾರ?"

"ಉಳಿದದ್ದು ಮಾರಾಯ. ಇವತ್ತು ಬಸ್ಸು ಹೋಗಲಿಲ್ಲ."

"ಉಳದದ್ದಾದ್ರ ಚಲೋ ಆತು," ಎಂದು ಗೋಣಿಯೊಳಗಿನ ಗಡ್ಡೆಯನ್ನು ಅಂಗಳದಲ್ಲಿ ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿದ. ಒಂದು ಪದರ ಐಸು, ಒಂದು ಮುಷ್ಟಿ ಉಪ್ಪು, ಮತ್ತೆ ಐಸು.

"ಅಷ್ಟು ಉಪ್ಪು ಹಾಕ್ತೀರಲ್ಲ, ನಾಳೆ ನಾನು ಸಾರಿಗೆ ಎಂತ ಹಾಕುವುದು?" ವಾರಿಜಾ ಒಳಗಿನಿಂದ ಕೂಗಿದಳು.

"ಸಾರಿಗೆ ಐಸ್‌ಕ್ರೀಮ್ ಹಾಕ್ರೀ ಅಕ್ಕಾರ!"

ಎಸಿಯ ಕೆಳಗೆ ಹಳೆಯ ಬೆಡ್‌ಶೀಟು ಹಾಸಿ ಬಾಲ್ದಿ ಇಟ್ಟರು. ಹಿಡಿ ತಿರುಗಿಸಲು ಅಚ್ಚು, ಪಕ್ಕದ ಮನೆಗಳ ಮಕ್ಕಳು ಒಬ್ಬೊಬ್ಬರಾಗಿ ಬಂದು ಸುಸ್ತಾಗಿ ಬಿಟ್ಟರು. ಕೊನೆಗೆ ಉಳಿದವನು ಹನುಮಂತಪ್ಪ. ಸರಳು ಬಗ್ಗಿಸಿ ಬಗ್ಗಿಸಿ ಹುರಿಗಟ್ಟಿದ ತೋಳು ಅವನದು. ಡಬ್ಬದೊಳಗೆ ಹಾಲು ಗಟ್ಟಿಯಾದಂತೆ ಹಿಡಿ ಬಿಗಿಯಾಗುತ್ತಿತ್ತು. ಬಾಲ್ದಿಯ ತೂತಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು.

"ಹನುಮಂಕಲ್, ಫಾಸ್ಟ್! ನಿಲ್ಲಿಸಿದ್ರೆ ಟೈಲ್ಸ್ ಆಗ್ತದೆ!"

"ಯವ್ವಾ, ನಾ ಏನ್ ಗಾಣದ ಎತ್ತೇನ? ಉಸರರ ಬಿಡಸ್ ನನಗ."

"ನೋ ಉಸಿರು! ಯಲ್ಲಾ, ಯಲ್ಲಾ! ಬೇಗ!"

"ಫೋರ್‌ಮನ್ನಗಿಂತ ಜೋರ್ ಐತ್ರೀ ನಿಮ್ಮ ಕೂಸು."

ಡಬ್ಬದ ಮುಚ್ಚಳ ತೆಗೆದಾಗ ಬಂದ ವಾಸನೆ ನನಗೆ ಈಗಲೂ ನೆನಪಿದೆ. ಏಲಕ್ಕಿ, ಮಾವು, ತಣ್ಣಗಿನ ತಗಡು. ಒಳಗೆ ಬೆಣ್ಣೆಯಂತೆ ಮೆತ್ತಗೆ, ಕೋಲಿಗೆ ಅಂಟಿ ನಿಂತಿತ್ತು. ಮಕ್ಕಳು ಮಾತಿಲ್ಲದೆ ತಿಂದವು. ಅಚ್ಚು ಮಾತ್ರ ಚಮಚ ನೆಕ್ಕುತ್ತಾ ನನ್ನ ಕಡೆ ನೋಡಿ, "ಅಪ್ಪ, ನೆಕ್ಸ್ಟ್ ಫ್ರೈಡೇ?" ಎಂದಳು.

ಆ ನೋಟ ನೋಡಿದ ತಂದೆ ಇಲ್ಲ ಎನ್ನುತ್ತಾನೆಯೇ? ಅನ್ನಬೇಕಿತ್ತು.

ಮುಂದಿನ ಶುಕ್ರವಾರ ಬಸ್ಸು ಹೊರಡುವುದಿತ್ತು. ಎರಡು ಗಡ್ಡೆ ಬಂದಿದ್ದವು. ಹತ್ತೇ ಮಂದಿ, ಅರ್ಧವೇ ದಿನ, ಒಂದು ಸಾಕು ಎಂದು ನನಗೆ ನಾನೇ ಲೆಕ್ಕ ಹಾಕಿ ಒಂದನ್ನು ಡಿಕ್ಕಿಗೆ ಹಾಕಿಸಿದೆ. ಡ್ರೈವರ್ ನೋಡಿದ, ಮುಖ ತಿರುಗಿಸಿ ಬಸ್ಸು ಹತ್ತಿದ. ಅವನಿಗೆ ಡ್ಯೂಟಿ ಹಾಕುವವನು ನಾನು. ಹೋದವರು ಬಂದು ಯಾರೂ ದೂರಲಿಲ್ಲ. ಅದರ ಮುಂದಿನ ವಾರವೂ ಹಾಗೆಯೇ ಮಾಡಿದೆ. ಆಮೇಲೆ ಅದು ತಪ್ಪೆಂದೇ ಅನ್ನಿಸಲಿಲ್ಲ. ಹನುಮಂತಪ್ಪನಿಗೂ ವಾರಿಜಾಳಿಗೂ ಪ್ರತಿ ಸಲವೂ "ಉಳಿದದ್ದು" ಎಂದೇ ಹೇಳುತ್ತಿದ್ದೆ.

ಆ ಜುಲೈ ತಿಂಗಳು ನಮ್ಮ ವಿಲ್ಲಾ ಬದಲಾಗಿಹೋಯಿತು. ಊರಿಗೆ ಹೋಗದೆ ಉಳಿದ ಮಕ್ಕಳೆಲ್ಲ ಶುಕ್ರವಾರಕ್ಕೆ ಕಾಯುತ್ತಿದ್ದವು. ಗುರುವಾರವೇ ಅಚ್ಚು ಲೋಟ ತೊಳೆದು ಸಾಲಾಗಿ ಇಡುತ್ತಿದ್ದಳು. ಒಂದು ವಾರ ಖರ್ಜೂರದ್ದು, ಒಂದು ವಾರ ಬಾಳೆಹಣ್ಣಿನದು, ಒಂದು ವಾರ ಹನುಮಂತಪ್ಪ ಊರಿನಿಂದ ತಂದಿಟ್ಟುಕೊಂಡಿದ್ದ ಬೆಲ್ಲ ಹಾಕಿ ಮಾಡಿದ್ದು. ಅದು ಮಣ್ಣಿನ ಬಣ್ಣಕ್ಕೆ ತಿರುಗಿದ್ದರಿಂದ ಮಕ್ಕಳು ಮುಟ್ಟಲಿಲ್ಲ. ನಾನೂ ಹನುಮಂತಪ್ಪನೂ ಇಬ್ಬರೇ ಅದನ್ನು ಖಲಾಸ್ ಮಾಡಿದೆವು. ಡ್ಯೂಟಿ ಮುಗಿಸಿ ಬಂದು ಮಲಗಿಬಿಡುತ್ತಿದ್ದ ನಾನು, ಮಗಳು ದಾರಿ ಕಾಯುವಂಥ ಮನುಷ್ಯನಾಗಿದ್ದೆ.

ಅವಳ ಹುಟ್ಟಿದ ದಿನ ಆಗಸ್ಟಿನಲ್ಲಿ. ಆ ವರ್ಷ ಅದು ಶುಕ್ರವಾರವೇ ಬಂತು. ಗಡಬಡ್ ಆಗಬೇಕು, ವಿಲ್ಲಾದ ಎಲ್ಲ ಮಕ್ಕಳಿಗೂ ಲೋಟ ತುಂಬ ಕೊಡಬೇಕು ಎಂದು ಅಚ್ಚು ಮೊದಲೇ ತೀರ್ಮಾನಿಸಿದ್ದಳು. ಅಂದರೆ ಎರಡು ಬಗೆಯ ಐಸ್‌ಕ್ರೀಮು, ಎರಡು ಸಲ ತಿರುಗಿಸುವುದು, ಎರಡು ಗಡ್ಡೆ ಐಸು.

ಅದೇ ಶುಕ್ರವಾರ ಫೋರ್‌ಮನ್ ಹನುಮಂತಪ್ಪನ ಗುಂಪಿಗೂ ಡ್ಯೂಟಿ ಹಾಕಿದ. ಒಂದು ಸ್ಲ್ಯಾಬಿನ ಸರಳು ಕಟ್ಟುವ ಕೆಲಸ ಸಂಜೆಯೊಳಗೆ ಮುಗಿಯಬೇಕಿತ್ತು. ಶನಿವಾರ ಕಾಂಕ್ರೀಟ್ ಸುರಿಯುವುದಿತ್ತು. ಹತ್ತು ಮಂದಿಯಲ್ಲ, ಬಸ್ಸು ತುಂಬ ಜನ. ಅರ್ಧ ದಿನವಲ್ಲ, ಪೂರ್ತಿ ದಿನ. ಇದೆಲ್ಲ ನನಗೆ ಹಿಂದಿನ ದಿನವೇ ಗೊತ್ತಿತ್ತು. ಹನುಮಂತಪ್ಪ ಗುರುವಾರ ಸಂಜೆ ನನ್ನ ಫೋನಿನಿಂದಲೇ ಅಚ್ಚುವಿನ ಜೊತೆ ಮಾತಾಡಿದ್ದ. "ನಾಳೆ ನನ್ನ ಬಿಟ್ಟು ತಿರುವ್ರಿ. ಸಂಜಿಕ ಬರ್ತೀನಿ. ನಂದೊಂದ್ ಲೋಟ ಎತ್ತಿಡವ್ವಾ. ಗೋಡಂಬಿ ಕದ್ದೀ ಮತ್ತ."

ಶುಕ್ರವಾರ ಬೆಳಗ್ಗೆ ಆಗಲೇ ಸೆಕೆ. ಆಗಸ್ಟಿನಲ್ಲಿ ಸಮುದ್ರದ ಕಡೆಯಿಂದ ಬರುವ ಹಸಿ ಗಾಳಿಗೆ ನಿಂತಲ್ಲೇ ಅಂಗಿ ಮೈಗೆ ಅಂಟುತ್ತದೆ. ಬಸ್ಸಿನ ಕಿಟಕಿಯಿಂದ ತಲೆ ಹಾಕಿ ಹನುಮಂತಪ್ಪ ಕೂಗಿದ: "ನೋಡ್ರಿ, ಕೂಸಿನ ಹುಟ್ಟಿದ ಹಬ್ಬದ ದಿನ ನನ್ನ ಈ ಬಸ್ಸಿನ್ಯಾಗ ತುಂಬೀರಿ. ನಿಮಗ ಒಳ್ಳೇದಾಗತೈತೇನ್ರೀ?"

"ನಾನಲ್ಲ ಮಾರಾಯ, ನಿನ್ನ ಫೋರ್‌ಮನ್ ಹಾಕಿದ್ದು. ಸಂಜೆ ನಾನೇ ಬಂದು ಕರೆದುಕೊಂಡು ಹೋಗ್ತೇನೆ."

ವ್ಯಾನು ಎಂದಿನ ಶುಕ್ರವಾರದಂತೆ ಎರಡೇ ಗಡ್ಡೆ ಇಳಿಸಿ ಹೋಗಿತ್ತು. ಡ್ರೈವರ್ ಐಸ್ ಎತ್ತಿಸಲು ಬಂದಾಗ ನಾನು ತಡೆದೆ. "ಇದು ಇರಲಿ. ಇನ್ನೊಂದು ವ್ಯಾನು ಬರ್ತದೆ, ಅದನ್ನು ಪಿಕಪ್‌ನಲ್ಲಿ ಸೈಟಿಗೇ ಕಳಿಸ್ತೇನೆ. ನೀನು ಹೊರಡು, ಯಲ್ಲಾ." ಅವನು ಒಂದು ಗಳಿಗೆ ನನ್ನ ಮುಖ ನೋಡಿ ಹೊರಟ.

ಅದು ಪೂರ್ತಿ ಸುಳ್ಳಾಗಿರಲಿಲ್ಲ. ಫ್ಯಾಕ್ಟರಿಗೆ ಫೋನು ಮಾಡಿ ಇನ್ನೂ ನಾಲ್ಕು ಗಡ್ಡೆ ತರಿಸುವುದೆಂದೇ ಅಂದುಕೊಂಡಿದ್ದೆ. ಮಾಡಿದೆ ಕೂಡ. ಶುಕ್ರವಾರವಾದ್ದರಿಂದ ಯಾರೂ ಎತ್ತಲಿಲ್ಲ. ಮನೆಗೆ ಹೋಗಿ ಮತ್ತೆ ಮಾಡಿದರಾಯಿತು ಎಂದು ಎರಡೂ ಗಡ್ಡೆಗಳನ್ನು ಡಿಕ್ಕಿಗೆ ಹಾಕಿ ಮುಐದರ್‌ಗೆ ಬಂದೆ.

ಮನೆಯಲ್ಲಿ ಮಕ್ಕಳು ಬಾಗಿಲಿಗೇ ಬಂದು ನಿಂತಿದ್ದವು. ಅಚ್ಚು ಊರಿನಿಂದ ಅಜ್ಜಿ ಕಳಿಸಿದ್ದ ಹಸಿರು ಲಂಗ ಹಾಕಿದ್ದಳು. ಅದು ಈಗಾಗಲೇ ಗಿಡ್ಡವಾಗಿತ್ತು. ಫೋನನ್ನು ಕೋಣೆಯಲ್ಲಿ ಚಾರ್ಜಿಗೆ ಹಾಕಿ ನಾನು ಅಂಗಳಕ್ಕಿಳಿದು ಐಸ್ ಕುಟ್ಟಲು ಕೂತೆ. ಹನುಮಂತಪ್ಪ ಇಲ್ಲದ್ದರಿಂದ ತಿರುಗಿಸುವುದೂ ನನ್ನ ಪಾಲಿಗೇ ಬಂತು. ಮೊದಲನೆಯದು ವೆನಿಲ್ಲಾ, ಎರಡನೆಯದು ಮಾವು. ರಟ್ಟೆ ಬಿದ್ದುಹೋಗುವಾಗ ಅಚ್ಚು ಹಿಂದಿನಿಂದ ಕುತ್ತಿಗೆಗೆ ಜೋತುಬಿದ್ದು, "ಅಪ್ಪ ಈಸ್ ವೀಕ್, ಹನುಮಂಕಲ್ ಈಸ್ ಸ್ಟ್ರಾಂಗ್," ಎಂದು ರೇಗಿಸುತ್ತಿದ್ದಳು. ವಾರಿಜಾ ಕೆಂಪು ಜೆಲ್ಲಿಯನ್ನು ಚೌಕ ಚೌಕ ಕತ್ತರಿಸಿಟ್ಟಿದ್ದಳು. ಲೋಟಕ್ಕೆ ಜೆಲ್ಲಿ, ಸೇಬು, ವೆನಿಲ್ಲಾ, ಮಾವು, ಮೇಲೆ ಗೋಡಂಬಿ. ಅಚ್ಚು ಒಂದು ಲೋಟವನ್ನು ಎಲ್ಲಕ್ಕಿಂತ ಎತ್ತರಕ್ಕೆ ತುಂಬಿ, ತಟ್ಟೆ ಮುಚ್ಚಿ, ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು, "ದಿಸ್ ಈಸ್ ಹನುಮಂಕಲ್ಸ್. ಯಾರೂ ಮುಟ್ಟಬಾರದು," ಎಂದು ಎಲ್ಲರಿಗೂ ಬೆರಳು ತೋರಿಸಿದಳು.

ನಾನು ನಗುತ್ತಿದ್ದೆ. ಎರಡನೆಯ ಫೋನು ಮಾಡಲಿಲ್ಲ. ಮರೆತೆ. ಸಂತೋಷದಲ್ಲಿ ಮರೆತೆ. ಊಟವಾದ ಮೇಲೆ ಎಸಿಯ ಕೆಳಗೆ ಮಲಗಿ ನಿದ್ದೆ ಹೋದೆ.

ಎಚ್ಚರಿಸಿದವಳು ವಾರಿಜಾ. "ನಿಮ್ಮ ಫೋನು ಆಗಿನಿಂದ ಹೊಡಕೊಳ್ತಾ ಉಂಟು, ಕೇಳುದಿಲ್ವಾ?" ಡ್ರೈವರ್ ಮಧ್ಯಾಹ್ನದಿಂದ ಮಾಡುತ್ತಲೇ ಇದ್ದನಂತೆ. ಮಕ್ಕಳ ಗಲಾಟೆಯಲ್ಲಿ, ಎಸಿಯ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಡ್ರಮ್ಮಿನ ನೀರು ಕುಡಿಯಲಾಗದಷ್ಟು ಬಿಸಿಯಾಗಿತ್ತು. ಕೆಲವರು ಕುಡಿದು ವಾಂತಿ ಮಾಡಿದರು. ಕೆಲವರು ಕುಡಿಯದೆಯೇ ಕೆಲಸ ಮುಂದುವರಿಸಿದರು. ಕೆಲವರಿಗೆ ತಲೆ ಸುತ್ತಿ ನೆರಳಲ್ಲಿ ಮಲಗಿಸಿದ್ದರು. ಹನುಮಂತಪ್ಪ ಸ್ಲ್ಯಾಬಿನ ಮೇಲೆ, ಕಟ್ಟಿದ ಸರಳುಗಳ ಮೇಲೆಯೇ ಬಿದ್ದಿದ್ದ. ಮೈ ಕಾದ ಹೆಂಚಿನಂತಿತ್ತು, ಬೆವರು ನಿಂತುಹೋಗಿತ್ತು, ಏನೇನೋ ಮಾತಾಡುತ್ತಿದ್ದ. ಆಸ್ಪತ್ರೆಗೆ ಒಯ್ದಿದ್ದರು.

ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ. ಗಾಜಿನ ಬಾಗಿಲಿನ ಹೊರಗೆ ಕೂತಿದ್ದಾಗ ನನ್ನ ಬೆರಳುಗಳಲ್ಲಿ ಇನ್ನೂ ಮಾವಿನ ವಾಸನೆ ಇತ್ತು.

ಮರುದಿನ ಆಫೀಸಿನಲ್ಲಿ ಮ್ಯಾನೇಜರ್ ಕೇಳಿದ: "ಐಸ್ ಯಾಕೆ ಹೋಗಲಿಲ್ಲ?"

"ವ್ಯಾನು ಬರಲಿಲ್ಲ ಸಾರ್. ಫೋನು ಮಾಡಿದೆ, ಎತ್ತಲಿಲ್ಲ," ಎಂದೆ. ಡ್ರೈವರ್ ಅಲ್ಲೇ ನಿಂತಿದ್ದ. ಅವನು ನೆಲ ನೋಡಿದ. ಮಾತು ಅಲ್ಲಿಗೆ ಮುಗಿಯಿತು.

ಹನುಮಂತಪ್ಪ ಬದುಕಿದ. ಅವನನ್ನು ಸಾಮಾನ್ಯ ವಾರ್ಡಿಗೆ ಹಾಕಿದ ಮೇಲೆ ಅಚ್ಚು ಹಟ ಹಿಡಿದಳು. ಅವಳು ಎತ್ತಿಟ್ಟಿದ್ದ ಲೋಟ ಫ್ರಿಜ್ಜಿನಲ್ಲಿ ಹಾಗೆಯೇ ಇತ್ತು. ಯಾರೂ ಮುಟ್ಟಿರಲಿಲ್ಲ. ಅದು ಅಷ್ಟರಲ್ಲಿ ಕಲ್ಲಾಗಿತ್ತು. ಅದನ್ನು ಚೂರು ಮಾಡಿ ಅಗಲ ಬಾಯಿಯ ಫ್ಲಾಸ್ಕಿಗೆ ಹಾಕಿಕೊಂಡು ನನ್ನ ಜೊತೆ ಬಂದಳು.

ಅವನು ಅರ್ಧ ಆಗಿಹೋಗಿದ್ದ. ಆ ತೋಳುಗಳು ಹಾಸಿಗೆಯ ಮೇಲೆ ಸಡಿಲ ಬಿದ್ದಿದ್ದವು. ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಮೂತ್ರಪಿಂಡಕ್ಕೆ ಪೆಟ್ಟಾಗಿದೆ, ಇನ್ನು ಬಿಸಿಲಿನ ಕೆಲಸ ಆಗದು ಎಂದು ಡಾಕ್ಟರು ಹೇಳಿದ್ದರು. ಅಚ್ಚುವನ್ನು ಕಂಡು ಅವನ ಮುಖ ಅರಳಿತು.

"ತಂದೀಯೇನ ನನ್ನ ಪಾಲು? ಗೋಡಂಬಿ ಅದಾವೋ ಇಲ್ಲೋ?"

"ಎಲ್ಲ ಉಂಟು. ಬಾಯಿ ಓಪನ್ ಮಾಡಿ."

ಚಮಚದಿಂದ ತಿನ್ನಿಸಿದಳು. ಅವನು ಕಣ್ಣು ಮುಚ್ಚಿ, ನಾಲಗೆಯ ಮೇಲೆ ಇಟ್ಟುಕೊಂಡು, ನಿಧಾನ ನುಂಗಿದ. "ಗಡಿಬಿಡಿ ಮಾಡಬ್ಯಾಡವ್ವಾ, ಸಾವಕಾಶ. ಹಾ... ಎಷ್ಟ್ ತಂಪೈತಿ. ಅವತ್ತ ಇದರಾಗಿಂದ ಒಂದ್ ಚಮಚ ಸಿಕ್ಕಿದ್ದರ ಸಾಕಿತ್ ನೋಡು." ಆಮೇಲೆ ನನ್ನ ಕಡೆ ತಿರುಗಿ, "ಅವತ್ತ ಐಸ್ ಫ್ಯಾಕ್ಟರಿಯವ್ರು ಕೈ ಕೊಟ್ರಂತಲ್ರೀ?" ಎಂದು ಕೇಳಿದ.

"ಹೌದು," ಎಂದೆ.

ಅಚ್ಚು ಇನ್ನೊಂದು ಚಮಚ ಎತ್ತಿದಳು. ಅವನು ಬಾಯಿ ತೆರೆದ. ಅವನ ಡ್ರಮ್ಮಿಗೆ ಹೋಗಬೇಕಾಗಿದ್ದ ಐಸಿನಲ್ಲಿ ತಣಿದದ್ದನ್ನು ನನ್ನ ಮಗಳು ಅವನಿಗೆ ತಿನ್ನಿಸುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಆ ವಾರವೇ ವಾರಿಜಾ ನನ್ನನ್ನು ಕೇಳಿದಳು: "ಆ ದಿನದ ಐಸು ನಿಜಕ್ಕೂ ಉಳಿದದ್ದಾ?" ನಾನು ಎದ್ದು ಅಂಗಳಕ್ಕೆ ಹೋದೆ. ಅವಳು ಮತ್ತೆ ಕೇಳಲಿಲ್ಲ. ಮರದ ಬಾಲ್ದಿಯನ್ನು ಹಳೆ ಸಾಮಾನಿನವನಿಗೆ ಕೊಟ್ಟುಬಿಟ್ಟಳು. ಹಿಡಿ ಮುರಿಯಿತು ಎಂದು ಅಚ್ಚುವಿಗೆ ಹೇಳಿದಳು. ಆ ಶುಕ್ರವಾರಗಳು ಅಲ್ಲಿಗೆ ಮುಗಿದವು.

ಕಂಪನಿಯವರು ಹನುಮಂತಪ್ಪನನ್ನು ಕೆಲವು ತಿಂಗಳು ಆಫೀಸಿನಲ್ಲಿ ಚಹಾ ಕೊಡಲು ಇಟ್ಟುಕೊಂಡರು. ಕೈ ನಡುಗಿ ಕಪ್ಪಿನಿಂದ ಚಹಾ ಚೆಲ್ಲುತ್ತಿತ್ತು. ಚಳಿಗಾಲದಲ್ಲಿ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸಿದರು. ಏರ್‌ಪೋರ್ಟಿಗೆ ನಾನೇ ಬಿಡುತ್ತೇನೆ ಎಂದೆ. ಹೊರಗೆ ಹಿತವಾದ ಬಿಸಿಲು, ತಂಪು ಗಾಳಿ. ಕಾರಿನ ಕಿಟಕಿ ಇಳಿಸಿಕೊಂಡು ಅವನು ತನ್ನ ಮಡಿಲಲ್ಲಿ ಅಚ್ಚು ಕೊಟ್ಟ ಚಾಕಲೇಟಿನ ಡಬ್ಬಿ ಇಟ್ಟುಕೊಂಡಿದ್ದ. ಈಗ ಹೇಳದಿದ್ದರೆ ಇನ್ನು ಎಂದೂ ಹೇಳಲಾರೆ ಅನ್ನಿಸಿತು. ಹೇಳಿದೆ. ಮೊದಲ ಶುಕ್ರವಾರದಿಂದ ಕೊನೆಯ ಶುಕ್ರವಾರದವರೆಗೆ, ಫೋನು ಮರೆತದ್ದು, ನಿದ್ದೆ ಹೋದದ್ದು, ಆಫೀಸಿನಲ್ಲಿ ಹೇಳಿದ ಸುಳ್ಳು, ಎಲ್ಲ.

ಅವನು ಕಾರಿನ ಕಿಟಕಿ ಏರಿಸಿದ. ಆಮೇಲೆ, "ಗಾಡಿ ನಿಲ್ಲಸ್ರಿ," ಎಂದ.

ರಸ್ತೆ ಬದಿಗೆ ನಿಲ್ಲಿಸಿದೆ. ಅವನು ಇಳಿದು, ನನಗೆ ಬೆನ್ನು ಹಾಕಿ ನಿಂತ. ಪಕ್ಕದಲ್ಲಿ ವಾಹನಗಳು ಹಾದುಹೋಗುತ್ತಿದ್ದವು. ಬೈಯಲಿ, ಹೊಡೆಯಲಿ ಎಂದು ಸ್ಟೀರಿಂಗ್ ಹಿಡಿದು ಕಾಯುತ್ತಾ ಕೂತಿದ್ದೆ. ಅವನು ಬಂದು ಮತ್ತೆ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ.

"ತಪ್ಪಾಯಿತು ಹನುಮಂತಪ್ಪ. ಕ್ಷಮಿಸು ಮಾರಾಯ."

"ನನ್ನೊಬ್ಬನ್ ಮಾತಾಗಿದ್ದಿದ್ರ ಇರ್ಲಿ ಬಿಡ್ರಿ ಅಂತಿದ್ದೆ," ಎಂದ ನಿಧಾನವಾಗಿ. "ಅವತ್ತ ಬಸ್ಸ್ ತುಂಬ ಮಂದಿ ಇದ್ರು. ಅವ್ರ ಪರವಾಗಿ ನಾ ಏನ್ ಹೇಳ್ಲಿ? ಆ ತಪ್ಪನ್ನ ನೀವ ಇಟಗೋರಿ."

ನಾನು ಗಾಡಿ ಚಾಲೂ ಮಾಡಿದೆ. ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ಇಳಿಸಿಕೊಟ್ಟೆ. ಒಳಗೆ ಹೋಗುವ ಮೊದಲು ಅವನು ಒಮ್ಮೆ ನಿಂತ. "ಆ ಕೂಸಿನ ಮುಂದ ಮಾತ್ರ ಹೇಳಬ್ಯಾಡ್ರಿ. ಆಕಿ ನನಗ ತಿನಸಿದ್ದು ಆಕಿ ಪಾಲಿಗೆ ಹಂಗ ಇರ್ಲಿ." ಅಷ್ಟು ಹೇಳಿ ಚಾಕಲೇಟಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಜನರ ನಡುವೆ ಸೇರಿಹೋದ. ಮತ್ತೆ ನಾನು ಅವನನ್ನು ನೋಡಲಿಲ್ಲ. ಅವನು ಕೊಟ್ಟಿದ್ದ ನಂಬರಿಗೆ ಫೋನು ಮಾಡುವ ಧೈರ್ಯ ಬಂದಾಗ ಆ ನಂಬರು ಬೇರೆ ಯಾರದೋ ಆಗಿತ್ತು.

ಈಗ ವಾರಿಜಾ ಇಲ್ಲ. ನಾನು ದೋಹಾದಲ್ಲೇ ಅಚ್ಚುವಿನ ಸಂಸಾರದ ಜೊತೆ ಇದ್ದೇನೆ. ಅವಳ ಮಗನಿಗೆ ಏಳು ವರ್ಷ. ಐಸ್‌ಕ್ರೀಮು ಬೇಕೆಂದರೆ ಫೋನಿನಲ್ಲಿ ಬೆರಳು ಒತ್ತಿದರೆ ಸಾಕು, ಬೈಕಿನ ಹುಡುಗ ಬಾಗಿಲಿಗೆ ತಂದುಕೊಡುತ್ತಾನೆ. ಅವನು ಹೆಲ್ಮೆಟ್ ತೆಗೆದಾಗ ಮುಖದಿಂದ ಇಳಿಯುವ ಬೆವರು ನೋಡಿ ನಾನು ಒಂದು ಬಾಟಲಿ ತಣ್ಣೀರು ಕೊಡುತ್ತೇನೆ. "ಅಜ್ಜ ಎಲ್ಲರಿಗೂ ನೀರು ಕೊಡ್ತಾರೆ," ಎಂದು ಮೊಮ್ಮಗ ನಗುತ್ತಾನೆ.

ಈ ಬೇಸಿಗೆಯಲ್ಲಿ ಒಂದು ದಿನ ಅಚ್ಚು ಮಗನಿಗೆ ಆ ವರ್ಷದ ಕಥೆ ಹೇಳುತ್ತಿದ್ದಳು. ತನ್ನ ಬಾಲ್ಯದಲ್ಲಿ ಅಷ್ಟು ಸಂತೋಷದ ಕಾಲ ಇನ್ನೊಂದಿಲ್ಲ ಎಂದು ಅವಳು ಯಾವಾಗಲೂ ಹೇಳುತ್ತಾಳೆ. ಬಾಲ್ದಿ, ಉಪ್ಪು, ಯಲ್ಲಾ ಯಲ್ಲಾ, ಹನುಮಂಕಲ್. ಹುಡುಗ ನನ್ನನ್ನು ಕೇಳಿದ: "ಅಜ್ಜ, ಅಷ್ಟೊಂದು ಐಸ್ ಎಲ್ಲಿಂದ ತಂದಿದ್ದು?"

ಅಚ್ಚು ಕೂಡ ನನ್ನ ಕಡೆ ನೋಡಿದಳು. ಇಷ್ಟು ವರ್ಷಗಳಲ್ಲಿ ಅವಳಿಗೆ ಅದನ್ನು ಕೇಳಬೇಕೆಂದೇ ಹೊಳೆದಿರಲಿಲ್ಲ.

"ಉಳಿದದ್ದು ಮಗಾ," ಎಂದೆ.

ಹನುಮಂತಪ್ಪನ ಮಾತು ಉಳಿಸಿಕೊಂಡೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಅದು ನನಗೆ ಅನುಕೂಲವಾದ ಮಾತು. ಅವನು ಮಗುವನ್ನು ಉಳಿಸಲು ಹೇಳಿದ. ನಾನು ನನ್ನನ್ನು ಉಳಿಸಿಕೊಂಡೆ. ಮಗಳ ಕಣ್ಣಲ್ಲಿ ನಾನು ಈಗಲೂ ಬಿಸಿಲಲ್ಲಿ ಐಸ್ ಹೊತ್ತು ತರುವ ಅಪ್ಪ.

ಹಾಗಾದರೆ ಇಲ್ಲಿ ಯಾಕೆ ಬರೆದೆ ಎಂದು ನೀವು ಕೇಳಬಹುದು. ಅಚ್ಚುವಿಗೆ ಕನ್ನಡ ಓದಲು ಬರುವುದಿಲ್ಲ. ಇಲ್ಲಿನ ಶಾಲೆಯಲ್ಲಿ ಕಲಿಸಲಿಲ್ಲ, ಮನೆಯಲ್ಲಿ ನಾನು ಕೂರಿಸಿ ಕಲಿಸಲಿಲ್ಲ. ಮೇಜಿನ ಮೇಲೆ ಈ ಕಾಗದಗಳನ್ನು ಹರಡಿಕೊಂಡು ಕೂತಿದ್ದೇನೆ. ಅವಳು ಈಗಷ್ಟೇ ಚಹಾ ತಂದಿಟ್ಟು, ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಅಪ್ಪ, ಎಷ್ಟು ಚಂದ ಉಂಟು ನಿಮ್ಮ ಅಕ್ಷರ," ಎಂದು ಹೇಳಿ ಹೋದಳು.